ಮಹಡಿ ಹತ್ತಿದ ಬೀದಿ

1922ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮ್ ನಗರದ ಸ್ಪಾಂಗೆನ್ ಬಡಾವಣೆಯಲ್ಲಿ ಕಾರ್ಮಿಕರ ವಸತಿ ಸಮುಚ್ಚಯವೊಂದು ಕಟ್ಟಿ ಮುಗಿಯಿತು. ನಾಲ್ಕು ಅಂತಸ್ತು, 264 ಮನೆಗಳು. ಹೊರಗಿನಿಂದ ನೋಡಿದರೆ ಇಟ್ಟಿಗೆಯ ಸಾದಾ ಕಟ್ಟಡ. ಆದರೆ ಅಲ್ಲಿಗೆ ಬರುವ ಹಾಲಿನವನು ಕೈಗಾಡಿಯನ್ನು ಕೆಳಗೆ ನಿಲ್ಲಿಸಿ ಕ್ಯಾನು ಹೊತ್ತು ಮೆಟ್ಟಿಲು ಹತ್ತಬೇಕಾಗಿರಲಿಲ್ಲ. ಗಾಡಿಯನ್ನೇ ಸರಕಿನ ಲಿಫ್ಟಿಗೆ ತಳ್ಳಿಕೊಂಡು ಎರಡನೆಯ ಮಹಡಿಗೆ ಹೋಗಬಹುದಿತ್ತು. ಲಿಫ್ಟಿನಿಂದ ಹೊರಬಂದರೆ ಎದುರಿಗೆ ಬಯಲಿಗೆ ತೆರೆದ ಕಾಂಕ್ರೀಟಿನ ಬೀದಿ. ಕೆಲವೆಡೆ ಎರಡು ಮೀಟರಿಗಿಂತ ತುಸು ಹೆಚ್ಚು ಅಗಲ, ಕೆಲವೆಡೆ ಮೂರು ಮೀಟರಿಗೂ ಮಿಕ್ಕಿ. ಒಂದು ಪಕ್ಕ ಸಾಲಾಗಿ ಮನೆಬಾಗಿಲುಗಳು, ಇನ್ನೊಂದು ಪಕ್ಕ ಮೋಟುಗೋಡೆ, ಆ ಗೋಡೆಯಲ್ಲೇ ಕೂಡಿಸಿ ಕಟ್ಟಿದ ಹೂಕುಂಡಗಳು. ಬೀದಿ ಅಂಗಳಗಳನ್ನು ಬಳಸಿಕೊಂಡು, ಮೂಲೆ ತಿರುಗಿ, ಸುಮಾರು ಒಂದು ಕಿಲೋಮೀಟರಿನಷ್ಟು ಸಾಗುತ್ತಿತ್ತು. ಬ್ರೆಡ್ಡಿನವನೂ ತನ್ನ ಗಾಡಿಯೊಂದಿಗೆ ಅದೇ ದಾರಿಯಲ್ಲಿ ಮನೆಯಿಂದ ಮನೆಗೆ ಹೋಗಬಹುದಿತ್ತು.

ಇದನ್ನು ಯೋಚಿಸಿದವನು ಮಿಖೀಲ್ ಬ್ರಿಂಕ್‌ಮನ್ ಎಂಬ ವಾಸ್ತುಶಿಲ್ಪಿ. ಹಾಲೆಂಡಿನಲ್ಲಿ 1901ರಲ್ಲೇ ವಸತಿ ಕಾಯ್ದೆ ಬಂದು, ಬಡವರಿಗೆ ಮನೆ ಕಟ್ಟಲು ಸರ್ಕಾರದ ನೆರವು ಸಿಗುವ ದಾರಿ ತೆರೆದಿತ್ತು. ನೆಲಕ್ಕೆ ಬೆಲೆಯಿದೆ, ಆದ್ದರಿಂದ ಮನೆಗಳನ್ನು ಒಂದರ ಮೇಲೊಂದು ಪೇರಿಸಬೇಕು. ಪೇರಿಸಿದೊಡನೆ ಕೆಳಗಿನ ಮನೆಯವರಿಗೆ ಬೀದಿ ಉಳಿಯುತ್ತದೆ, ಮೇಲಿನವರಿಗೆ ಕತ್ತಲ ಮೆಟ್ಟಿಲಷ್ಟೇ ಉಳಿಯುತ್ತದೆ. ಬ್ರಿಂಕ್‌ಮನ್ ಕೆಳಗಿನ ಎರಡು ಅಂತಸ್ತುಗಳ ಮನೆಗಳಿಗೆ ನೆಲದಿಂದಲೇ ಬಾಗಿಲು ಕೊಟ್ಟ. ಮೇಲಿನ ಎರಡು ಅಂತಸ್ತುಗಳನ್ನು ಒಳಗೇ ಮೆಟ್ಟಿಲಿರುವ ಮಹಡಿಮನೆಗಳಾಗಿ ಜೋಡಿಸಿ, ಅವುಗಳ ಬಾಗಿಲುಗಳನ್ನೆಲ್ಲ ಆ ಮೇಲಿನ ಬೀದಿಗೆ ತೆರೆದ. ಯಾರ ಮನೆಯ ಬಾಗಿಲೂ ಮೆಟ್ಟಿಲ ಕತ್ತಲಿಗೆ ತೆರೆಯುವಂತಿಲ್ಲ ಎಂಬ ಹಟ ಆ ನಕ್ಷೆಯಲ್ಲಿ ಕಾಣುತ್ತದೆ. ನಡುವಿನಲ್ಲಿ ಎಲ್ಲರಿಗೂ ಸೇರಿದ ಸ್ನಾನಗೃಹ, ಇಡೀ ಸಮುಚ್ಚಯಕ್ಕೆ ಶಾಖ ಒದಗಿಸುವ ಬಾಯ್ಲರು. ಬಡವರ ಮನೆಗೆ ಇಷ್ಟೆಲ್ಲ ಏಕೆ ಎಂದವರಿಗೆ ಅಲ್ಲಿ ಕೊರತೆಯಿರಲಿಲ್ಲ. ನೂರು ವರ್ಷ ದಾಟಿದ ಆ ಕಟ್ಟಡ ಈಗ ಹಾಲೆಂಡಿನ ರಾಷ್ಟ್ರೀಯ ಸ್ಮಾರಕ. ಜನ ಇನ್ನೂ ಅದರಲ್ಲಿ ವಾಸವಾಗಿದ್ದಾರೆ.

ನಿಂತ ನಗರ, ಅಂದರೆ ಮನೆ, ಅಂಗಡಿ, ಶಾಲೆ, ಬೀದಿ ಎಲ್ಲವನ್ನೂ ನೆಲದ ಮೇಲೆ ಹರಡುವ ಬದಲು ಒಂದೇ ಕಟ್ಟಡದಲ್ಲಿ ಎತ್ತರಕ್ಕೆ ಜೋಡಿಸುವ ಕನಸು, ಇಪ್ಪತ್ತನೆಯ ಶತಮಾನದ ಅನೇಕ ವಾಸ್ತುಶಿಲ್ಪಿಗಳನ್ನು ಕಾಡಿತು. 1928ರಿಂದ 1930ರ ನಡುವೆ ಮಾಸ್ಕೋದಲ್ಲಿ ಮೊಯ್ಸೆಯ್ ಗಿಂಜ್‌ಬರ್ಗ್ ಮತ್ತು ಇಗ್ನಾತಿ ಮಿಲಿನಿಸ್ ಸೇರಿ ನಾರ್ಕೊಮ್‌ಫಿನ್ ಎಂಬ ಕಟ್ಟಡ ಕಟ್ಟಿದರು. ಉದ್ದನೆಯ ಓಣಿ, ಅದರಿಂದ ಒಳಸೇರುವ ಎರಡಂತಸ್ತಿನ ಮನೆಗಳು, ಪಕ್ಕದಲ್ಲಿ ಸಾಮೂಹಿಕ ಭೋಜನಶಾಲೆ. ಆ ವರ್ಷಗಳಲ್ಲಿ ಮಾಸ್ಕೋಗೆ ಹೋಗಿಬರುತ್ತಿದ್ದ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಅದನ್ನು ಗಮನವಿಟ್ಟು ನೋಡಿದ. ಅವನ ಮನಸ್ಸಿನಲ್ಲಿ ಕುಳಿತ ಆ ಓಣಿ ಮಹಾಯುದ್ಧ ಮುಗಿದ ಮೇಲೆ ಫ್ರಾನ್ಸಿನ ಮಾರ್ಸೇಯಲ್ಲಿ ಕಾಣಿಸಿಕೊಂಡಿತು.

ಯುದ್ಧದಲ್ಲಿ ಮನೆ ಕಳೆದುಕೊಂಡ ಲಕ್ಷಾಂತರ ಜನರಿಗೆ ಫ್ರಾನ್ಸ್ ಸೂರು ಒದಗಿಸಬೇಕಿತ್ತು. ಪುನರ್ನಿರ್ಮಾಣ ಸಚಿವ ರೌಲ್ ದೋತ್ರಿ ಮಾರ್ಸೇಯಲ್ಲಿ ನಿಂತ ನಗರ ಕಟ್ಟುವ ಲ ಕಾರ್ಬೂಸಿಯೆಯ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟ. 1947ರ ಅಕ್ಟೋಬರ್ 14ರಂದು ಅಡಿಗಲ್ಲು ಬಿತ್ತು. ಸರಿಯಾಗಿ ಐದು ವರ್ಷಕ್ಕೆ, 1952ರ ಅದೇ ದಿನ, ಉದ್ಘಾಟನೆಯಾಯಿತು. 56 ಮೀಟರ್ ಎತ್ತರ, 337 ಮನೆಗಳು, ಸುಮಾರು 1,600 ಜನ. ದಪ್ಪ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ಆ ಕಾಂಕ್ರೀಟಿನ ಹಡಗನ್ನು ಊರವರು ‘ಹುಚ್ಚನ ಮನೆ’ ಎಂದು ಕರೆದರು. ಫ್ರಾನ್ಸಿನ ಸೌಂದರ್ಯ ಕೆಡುತ್ತದೆ ಎಂದು ಸಂಘವೊಂದು ಕೋರ್ಟಿಗೂ ಹೋಯಿತು. ಈ ಕೆಲಸ ನಡೆಯುತ್ತಿದ್ದಾಗಲೇ ನಮ್ಮ ದೇಶದಿಂದ ಚಂಡೀಗಢ ಕಟ್ಟಿಕೊಡಿ ಎಂಬ ಕರೆ ಲ ಕಾರ್ಬೂಸಿಯೆಗೆ ಹೋಯಿತು. 2016ರಲ್ಲಿ ಯುನೆಸ್ಕೊ ಮಾರ್ಸೇಯ ಈ ಕಟ್ಟಡವನ್ನೂ ಚಂಡೀಗಢದ ಕ್ಯಾಪಿಟಲ್ ಸಮುಚ್ಚಯವನ್ನೂ ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮನೆಗಳ ಜೋಡಣೆಯಲ್ಲಿ ಅವನ ಬುದ್ಧಿವಂತಿಕೆ ಎದ್ದು ಕಾಣುತ್ತದೆ. ಪ್ರತಿ ಮಹಡಿಗೂ ಓಣಿ ಬೇಡ, ಮೂರು ಮಹಡಿಗೊಂದು ಸಾಕು. ಒಂದು ಮನೆ ಓಣಿಯಿಂದ ಒಳಹೊಕ್ಕು ಮೇಲಕ್ಕೆ ಹೋಗಿ ಹರಡಿಕೊಂಡರೆ, ಎದುರು ಮನೆ ಕೆಳಕ್ಕೆ ಇಳಿದು ಹರಡಿಕೊಳ್ಳುತ್ತದೆ. ಹೀಗೆ ಬಹುತೇಕ ಮನೆಗಳು ಕಟ್ಟಡದ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಚಾಚಿ, ಎರಡೂ ಕಡೆಯ ಗಾಳಿ ಬೆಳಕು ಪಡೆಯುತ್ತವೆ. ಆ ಓಣಿಗಳನ್ನು ಅವನು ಒಳಬೀದಿಗಳು ಎಂದೇ ಕರೆದ. ಪ್ರತಿ ಮನೆಯ ಬಾಗಿಲ ಪಕ್ಕದಲ್ಲಿ ಗೋಡೆಯೊಳಗೊಂದು ಪೆಟ್ಟಿಗೆ. ಅಂಗಡಿಯವನು ಓಣಿಯ ಕಡೆಯಿಂದ ಐಸು, ತರಕಾರಿ ಇಟ್ಟು ಹೋದರೆ ಮನೆಯವರು ಅಡುಗೆಮನೆಯ ಕಡೆಯಿಂದ ತೆಗೆದುಕೊಳ್ಳಬೇಕು. ನಡುಮಧ್ಯದ ಎರಡು ಮಹಡಿಗಳಲ್ಲಿ ಅಂಗಡಿಸಾಲು, ಹೋಟೆಲು. ತಾರಸಿಯ ಮೇಲೆ ಶಿಶುವಿಹಾರ, ಮಕ್ಕಳಿಗೊಂದು ಕೊಳ, ಓಟದ ಪಥ.

ತಾರಸಿ ಗೆದ್ದಿತು, ಮಕ್ಕಳು ಅದನ್ನು ತಮ್ಮದಾಗಿಸಿಕೊಂಡರು. ಅಂಗಡಿಸಾಲು ಮಾತ್ರ ಅವನು ಎಣಿಸಿದಂತೆ ನಡೆಯಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ದಾರಿಹೋಕ ಯಾರೂ ಆ ಬೀದಿಯಲ್ಲಿ ಹಾದುಹೋಗುವುದಿಲ್ಲ. 1,600 ಜನ ಒಂದು ಪೇಟೆಯನ್ನು ಸಾಕಲಾರರು. ಪೇಟೆ ಬದುಕುವುದು ಎಲ್ಲಿಗೋ ಹೊರಟವರು ನಡುವೆ ನಿಂತು ಕೊಳ್ಳುವುದರಿಂದ. ಇನ್ನುಳಿದ ಒಳಬೀದಿಗಳಿಗೆ ಕಿಟಕಿಯೂ ಇಲ್ಲ. ಬಣ್ಣಬಣ್ಣದ ಬಾಗಿಲು, ಅದರ ಬಳಿ ಸಣ್ಣ ದೀಪ, ಉಳಿದಂತೆ ಮಬ್ಬು. ಹೊಸ ಕಾಲದ ಮನೆಗಳಲ್ಲಿ ಮಾರ್ಸೇಯ ಕಟ್ಟಡದಷ್ಟು ಮನಸ್ಸಿಟ್ಟು ಕಟ್ಟಿದವು ಕಡಿಮೆ ಎಂದು ನಾನು ನಂಬಿದ್ದೇನೆ. ಆದರೆ ಅಲ್ಲಿ ಬೀದಿಯೆಂದು ಕರೆದದ್ದು ಬೀದಿಯಾಗಲಿಲ್ಲ.

ಈ ಕೊರತೆಯನ್ನು ಮೊದಲು ಬಿಡಿಸಿ ತೋರಿಸಿದವರು ಇಂಗ್ಲೆಂಡಿನ ಯುವ ದಂಪತಿ, ಆಲಿಸನ್ ಮತ್ತು ಪೀಟರ್ ಸ್ಮಿತ್‌ಸನ್. ಅವರ ಗೆಳೆಯ ನೈಜೆಲ್ ಹೆಂಡರ್‌ಸನ್ ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನಿನಲ್ಲಿ ಕ್ಯಾಮೆರಾ ಹಿಡಿದು ಓಡಾಡುತ್ತಿದ್ದ. ಬಾಂಬಿನ ಗಾಯ ಇನ್ನೂ ಮಾಯದ ಬಡಬೀದಿ. ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಕುಂಟೆಬಿಲ್ಲೆ ಆಡುವ ಹುಡುಗಿಯರು, ಸೈಕಲ್ಲಿನಲ್ಲಿ ಸುತ್ತುವ ಹುಡುಗರು. 1953ರಲ್ಲಿ ಎಕ್ಸ್-ಆನ್-ಪ್ರೊವಾನ್ಸಿನಲ್ಲಿ ನಡೆದ ಆಧುನಿಕ ವಾಸ್ತುಶಿಲ್ಪಿಗಳ ಅಂತರರಾಷ್ಟ್ರೀಯ ಸಮಾವೇಶಕ್ಕೆ ಸ್ಮಿತ್‌ಸನ್ ದಂಪತಿ ಆ ಚಿತ್ರಗಳನ್ನೇ ಹಲಗೆಗೆ ಅಂಟಿಸಿಕೊಂಡು ಹೋದರು. ವಾಸ, ದುಡಿಮೆ, ವಿರಾಮ, ಸಂಚಾರ ಎಂದು ನಗರವನ್ನು ನಾಲ್ಕು ಖಾನೆ ಮಾಡಿಟ್ಟಿದ್ದ ಹಿರಿಯರ ಮುಂದೆ ಅವರು ಮನೆ, ಬೀದಿ, ಕೇರಿ, ನಗರ ಎಂಬ ಬೇರೆಯೇ ಏಣಿಯನ್ನು ಇಟ್ಟರು.

ಅದಕ್ಕೆ ಒಂದು ವರ್ಷ ಮೊದಲೇ ಲಂಡನ್ನಿನ ಗೋಲ್ಡನ್ ಲೇನ್ ಎಂಬಲ್ಲಿ ಬಾಂಬು ಬಿದ್ದ ಜಾಗಕ್ಕೆ ನಡೆದ ಸ್ಪರ್ಧೆಯಲ್ಲಿ ಅವರು ಬೇರೆ ಬಗೆಯ ಕಟ್ಟಡವನ್ನು ಬರೆದಿದ್ದರು. ಬೀದಿಯನ್ನು ಕಟ್ಟಡದ ಹೊಟ್ಟೆಯೊಳಗೆ ಹುದುಗಿಸದೆ ಹೊರಮಗ್ಗುಲಿಗೆ ತಂದರು. ಗಾಳಿ, ಬಿಸಿಲು, ಊರಿನ ನೋಟ ಎಲ್ಲವೂ ಸಿಗುವ ಅಗಲವಾದ ಡೆಕ್. ಆ ಡೆಕ್ ಕಟ್ಟಡದ ಕೊನೆಯಲ್ಲಿ ಮುಗಿಯುವುದೂ ಇಲ್ಲ. ರಸ್ತೆ ದಾಟಿ, ಪಕ್ಕದ ಕಟ್ಟಡಕ್ಕೆ ಸೇರಿ, ಕವಲೊಡೆದು, ಇಡೀ ಊರಿನ ಮೇಲೆ ಹಬ್ಬಬೇಕು. ಆ ಡೆಕ್ಕಿನ ಚಿತ್ರದಲ್ಲಿ ಅವರು ಪತ್ರಿಕೆಗಳಿಂದ ಕತ್ತರಿಸಿದ ಮರ್ಲಿನ್ ಮನ್ರೋ ಮತ್ತು ಅವಳ ಜೊತೆಗಾರ, ಬೇಸ್‌ಬಾಲ್ ಆಟಗಾರ ಜೋ ಡಿಮಾಜಿಯೊರನ್ನು ಅಂಟಿಸಿದ್ದರು. ಬಹುಮಾನ ಜೆಫ್ರಿ ಪೋವೆಲ್‌ಗೆ ಹೋಯಿತು. ಸೋತ ನಕ್ಷೆ ಮಾತ್ರ ಕೈಯಿಂದ ಕೈಗೆ ದಾಟಿ ಒಂದು ತಲೆಮಾರಿನ ವಾಸ್ತುಶಿಲ್ಪಿಗಳಿಗೆ ಪಾಠವಾಯಿತು.

ಆ ಕನಸು ದೊಡ್ಡ ಪ್ರಮಾಣದಲ್ಲಿ ನಿಜವಾದದ್ದು ಉಕ್ಕಿನ ಊರು ಶೆಫೀಲ್ಡಿನಲ್ಲಿ. ರೈಲು ನಿಲ್ದಾಣದ ಹಿಂದಿನ ಗುಡ್ಡದ ಓರೆಯಲ್ಲಿ ಪಾರ್ಕ್ ಹಿಲ್ ಎಂಬ ಕೇರಿ ಇತ್ತು. ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ ಇಕ್ಕಟ್ಟಿನ ಮನೆಗಳು, ನಮ್ಮ ಹಳೆಯ ವಠಾರಗಳಂತೆ ಅಂಗಳದಲ್ಲಿ ಎಲ್ಲರಿಗೂ ಒಂದೇ ನಲ್ಲಿ, ಒಂದೇ ಸಾಲು ಪಾಯಿಖಾನೆ. ಪುಂಡರ ಹಾವಳಿಯಿಂದಾಗಿ ಊರವರು ಅದನ್ನು ‘ಚಿಕ್ಕ ಶಿಕಾಗೊ’ ಎನ್ನುತ್ತಿದ್ದರು. 1953ರಲ್ಲಿ ನಗರದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದ ಲೂಯಿಸ್ ವೊಮರ್ಸ್‌ಲಿ ಈ ಗುಡ್ಡದ ಕೆಲಸವನ್ನು ಜಾಕ್ ಲಿನ್ ಮತ್ತು ಐವರ್ ಸ್ಮಿತ್ ಎಂಬ ಇಬ್ಬರು ಯುವಕರಿಗೆ ಒಪ್ಪಿಸಿದ. 1957ರಲ್ಲಿ ಕಟ್ಟಡದ ಕೆಲಸ ಶುರು, 1959ರಲ್ಲಿ ಮೊದಲ ಸಂಸಾರಗಳ ಪ್ರವೇಶ, 1961ರ ಜೂನಿನಲ್ಲಿ ಲೇಬರ್ ಪಕ್ಷದ ನಾಯಕ ಹ್ಯೂ ಗೇಟ್‌ಸ್ಕೆಲ್‌ರಿಂದ ಉದ್ಘಾಟನೆ. ಒಟ್ಟು 995 ಮನೆಗಳು.

ಆ ಇಬ್ಬರು ಗುಡ್ಡವನ್ನು ಬಳಸಿಕೊಂಡ ಬಗೆಯನ್ನು ಹೇಳಲೇಬೇಕು. ಕಟ್ಟಡದ ತಾರಸಿ ಈ ತುದಿಯಿಂದ ಆ ತುದಿಗೆ ಒಂದೇ ಮಟ್ಟ. ಕೆಳಗಿನ ನೆಲ ಇಳಿಯುತ್ತ ಹೋಗುತ್ತದೆ. ಹಾಗಾಗಿ ಗುಡ್ಡದ ಮೇಲುಭಾಗದಲ್ಲಿ ನಾಲ್ಕಂತಸ್ತಿರುವ ಕಟ್ಟಡ ಊರಿನ ಕಡೆಗೆ ಬರುವ ಹೊತ್ತಿಗೆ ಹದಿಮೂರು ಅಂತಸ್ತು ಆಗಿರುತ್ತದೆ. ಮೂರು ಮಹಡಿಗೊಂದರಂತೆ ಹತ್ತು ಅಡಿ ಅಗಲದ ಡೆಕ್ಕುಗಳು. ಡೆಕ್ಕು ಕೂಡ ತಾರಸಿಯಂತೆ ಸಮಮಟ್ಟದಲ್ಲೇ ಸಾಗುವುದರಿಂದ, ಅದರ ಮೇಲೆ ನಡೆಯುತ್ತ ಹೋದರೆ ಒಂದು ಕಡೆ ಗುಡ್ಡವೇ ಎದುರು ಬಂದು ಕಾಲು ನೆಲಕ್ಕೆ ಸೇರುತ್ತದೆ. ತೀರ ಮೇಲಿನದನ್ನು ಬಿಟ್ಟರೆ ಉಳಿದ ಡೆಕ್ಕುಗಳೆಲ್ಲ ಹೀಗೆ ನೆಲ ಮುಟ್ಟುತ್ತಿದ್ದವು. ಒಂದು ಮೆಟ್ಟಿಲೂ ಹತ್ತದೆ, ಲಿಫ್ಟಿಗೆ ಕಾಯದೆ, ಮಗುವಿನ ತಳ್ಳುಗಾಡಿಯೊಂದಿಗೆ ತಾಯಿ ರಸ್ತೆಯಿಂದ ನೇರ ತನ್ನ ಮನೆಬಾಗಿಲಿಗೆ ಬರಬಹುದಿತ್ತು. ಬ್ಯಾಟರಿಯಿಂದ ಓಡುವ ಹಾಲಿನ ವ್ಯಾನುಗಳು ಡೆಕ್ಕಿನ ಮೇಲೆ ಬಾಗಿಲಿಂದ ಬಾಗಿಲಿಗೆ ಹೋಗುತ್ತಿದ್ದವು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸೇತುವೆಗಳಿದ್ದುದರಿಂದ, ಮಳೆಯಲ್ಲಿ ನೆನೆಯದೆ ಇಡೀ ಸಮುಚ್ಚಯವನ್ನು ದಾಟಬಹುದಿತ್ತು.

ಡೆಕ್ಕುಗಳಿಗೆ ಕೆಡವಿದ ಹಳೆಯ ಬೀದಿಗಳ ಹೆಸರನ್ನೇ ಇಟ್ಟರು: ಗಿಲ್ಬರ್ಟ್ ರೋ, ಹೇಗ್ ರೋ, ಲಾಂಗ್ ಹೆನ್ರಿ ರೋ, ನಾರ್ವಿಚ್ ರೋ. ಹಳೆಯ ನೆರೆಹೊರೆಯವರು ಆದಷ್ಟು ಒಂದೇ ಡೆಕ್ಕಿನಲ್ಲಿ ಇರುವಂತೆ ನೋಡಿಕೊಂಡರು. ಪ್ರತಿ ಹೊಸ್ತಿಲ ಮುಂದೆ ನೆಲಕ್ಕೆ ಬೇರೆ ಬೇರೆ ಬಣ್ಣದ ಲಿನೋಲಿಯಂ ತುಂಡು. ಒಂದೇ ಥರದ ಬಾಗಿಲುಗಳ ಸಾಲಿನಲ್ಲಿ ಇದು ನನ್ನದು ಎಂದು ತಿಳಿಯಲು, ಅಲ್ಲಿ ನಿಂತು ಮಾತಾಡಲು ಆ ಚೌಕ. ನಾಲ್ಕು ಪಬ್ಬುಗಳು, ಮೂವತ್ತೊಂದು ಅಂಗಡಿಗಳು, ಒಂದು ಶಾಲೆ. ಅಡುಗೆಮನೆಯ ಸಿಂಕಿನಿಂದಲೇ ಕಸ ಕೊಳವೆಯಲ್ಲಿ ಸಾಗಿಹೋಗುವ ಏರ್ಪಾಡು. ಜೀವನದಲ್ಲಿ ಮೊದಲ ಸಲ ಮನೆಯೊಳಗೇ ಬಚ್ಚಲು, ಬಿಸಿನೀರು ಕಂಡ ಕುಟುಂಬಗಳು ಅಲ್ಲಿ ಎಷ್ಟೋ ಇದ್ದವು. ನಗರಸಭೆಯು ಸಮಾಜಸೇವೆಯ ಅಧಿಕಾರಿಯೊಬ್ಬರನ್ನು ಅಲ್ಲೇ ಮನೆ ಕೊಟ್ಟು ಇರಿಸಿತು. ಅವರು ಬಾಗಿಲು ಬಾಗಿಲಿಗೆ ಹೋಗಿ ಜನರ ಕಷ್ಟಸುಖ ಕೇಳಿ ಬರೆದುಕೊಂಡರು. ಕಟ್ಟಿ ಬಿಟ್ಟು ಹೋಗಲಿಲ್ಲ ಎಂಬುದಕ್ಕೆ ನನಗೆ ಆ ನೇಮಕವೇ ಸಾಕ್ಷಿ.

ಪಾರ್ಕ್ ಹಿಲ್ ನೋಡಲು ಊರೂರಿನಿಂದ ನಗರಸಭೆಗಳವರು ಬಂದರು. ನೋಡಿ ಹೋದವರು ಡೆಕ್ಕನ್ನು ಮಾತ್ರ ಒಯ್ದರು, ಗುಡ್ಡವನ್ನು ಒಯ್ಯಲಾಗಲಿಲ್ಲ. ವೊಮರ್ಸ್‌ಲಿಯೇ 1964ರಲ್ಲಿ ಶೆಫೀಲ್ಡ್ ಬಿಟ್ಟು, ಹ್ಯೂ ವಿಲ್ಸನ್ ಜೊತೆ ಸೇರಿ ಮ್ಯಾಂಚೆಸ್ಟರಿನ ಹ್ಯೂಮ್ ಬಡಾವಣೆಗೆ ನಕ್ಷೆ ಮಾಡಿದ. ಹಳೆಯ ಬಾತ್ ನಗರದ ಸುಂದರ ಅರ್ಧಚಂದ್ರ ಬೀದಿಗಳನ್ನು ನೆನಪಿಸುವಂಥ ನಾಲ್ಕು ಬಾಗಿದ ಕಟ್ಟಡಗಳು. ಅವಕ್ಕೆ ರಾಬರ್ಟ್ ಆಡಮ್, ಜಾನ್ ನ್ಯಾಷ್‌ರಂಥ ಹಿಂದಿನ ಮಹಾನ್ ವಾಸ್ತುಶಿಲ್ಪಿಗಳ ಹೆಸರು. 1972ರಲ್ಲಿ ಮುಗಿದ ಅವು ಹ್ಯೂಮ್ ಕ್ರೆಸೆಂಟುಗಳೆಂದು ಹೆಸರಾದವು. ನೆಲ ಮಟ್ಟಸ, ಆದ್ದರಿಂದ ಡೆಕ್ಕು ಎಲ್ಲಿಯೂ ನೆಲ ಸೇರುವುದಿಲ್ಲ. ಅವಸರದಲ್ಲಿ ಮುಗಿಸಿದ ಕೆಲಸ, ಸೋರುವ ಗೋಡೆ, ಇಲಿ ಜಿರಲೆ. 1973ರ ತೈಲ ಬಿಕ್ಕಟ್ಟಿನಿಂದ ಶಾಖದ ಬಿಲ್ಲು ಕಟ್ಟಲಾರದೆ ಜನ ಚಳಿಯಲ್ಲಿ ಕುಳಿತರು. 1974ರಲ್ಲಿ ಐದು ವರ್ಷದ ಮಗುವೊಂದು ಮೇಲಿನ ಡೆಕ್ಕಿನಿಂದ ಬಿದ್ದು ಸತ್ತಿತು. ಮಕ್ಕಳಿರುವ ಸಂಸಾರಗಳನ್ನು ಅಲ್ಲಿಂದ ಬೇರೆಡೆಗೆ ಕಳಿಸಲು ನಗರಸಭೆ ತೀರ್ಮಾನಿಸಿತು. ಮಕ್ಕಳಿಗೆಂದೇ ಮಾಡಿದ ಬೀದಿಯಿಂದ ಮಕ್ಕಳನ್ನೇ ತೆಗೆದ ಮೇಲೆ ಅಲ್ಲಿ ಉಳಿಯುವುದೇನು? ಎರಡು ದಶಕ ತುಂಬುತ್ತಲೇ, 1990ರ ದಶಕದ ಮೊದಲ ಭಾಗದಲ್ಲಿ, ಕ್ರೆಸೆಂಟುಗಳನ್ನು ಕೆಡವಿದರು.

ಕಲ್ಪನೆಯ ಒಡೆಯರಾದ ಸ್ಮಿತ್‌ಸನ್ ದಂಪತಿಗೂ ಕೊನೆಗೆ ಅವಕಾಶ ಸಿಕ್ಕಿತು. ಪೂರ್ವ ಲಂಡನ್ನಿನ ಪಾಪ್ಲರಿನಲ್ಲಿ 1972ರಲ್ಲಿ ಮುಗಿದ ರಾಬಿನ್ ಹುಡ್ ಗಾರ್ಡನ್ಸಿನಲ್ಲಿ ಎದುರುಬದುರು ಎರಡು ಕಟ್ಟಡ, 213 ಮನೆ, ನಡುವೆ ಹಸಿರು ದಿಬ್ಬ. ಮಗ್ಗುಲಲ್ಲೇ ಬ್ಲ್ಯಾಕ್‌ವಾಲ್ ಸುರಂಗಕ್ಕೆ ನುಗ್ಗುವ ಹೆದ್ದಾರಿ. ಬಾಗಿಲ ಬಳಿ ನಿಂತು ಮಾತಾಡಲೆಂದೇ ಒಳಸರಿಸಿದ ಜಾಗ, ಸದ್ದು ತಡೆಯುವ ಕಾಂಕ್ರೀಟ್ ಗೋಡೆ, ಎಲ್ಲವೂ ಅಕ್ಕರೆಯ ಕೆಲಸ. ಆದರೆ ಊರನ್ನೆಲ್ಲ ಹೆಣೆಯಬೇಕಿದ್ದ ಡೆಕ್ಕು ಕಟ್ಟಡದ ತುದಿಯಲ್ಲಿ ಮೆಟ್ಟಿಲು-ಲಿಫ್ಟಿಗೆ ಬಂದು ನಿಂತುಬಿಟ್ಟಿತು. ಗೋಲ್ಡನ್ ಲೇನಿನ ನಕ್ಷೆಯಲ್ಲಿ ಅವರು ಯಾವುದನ್ನು ಜೀವಾಳ ಎಂದಿದ್ದರೋ ಅದೊಂದೇ ಇಲ್ಲಿ ಇರಲಿಲ್ಲ. 2017ರಲ್ಲಿ ಒಂದು ಕಟ್ಟಡದ ನೆಲಸಮ ಶುರುವಾದಾಗ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಅದರ ಮೂರಂತಸ್ತಿನ ತುಣುಕೊಂದನ್ನು ತೆಗೆದಿಟ್ಟುಕೊಂಡಿತು. ಮರುವರ್ಷ ವೆನಿಸ್ಸಿನಲ್ಲಿ ಅದರ ಭಾಗವನ್ನು ಪ್ರದರ್ಶಿಸಿತು.

ಇಷ್ಟರಲ್ಲಿ ಬೇರೊಂದು ವಾದ ಬಲಗೊಂಡಿತ್ತು. 1972ರಲ್ಲಿ ವಾಸ್ತುಶಿಲ್ಪಿ ಆಸ್ಕರ್ ನ್ಯೂಮನ್ ಅಮೆರಿಕದ ಸರ್ಕಾರಿ ವಸತಿಗಳನ್ನು ನೋಡಿ, ಯಾರದೂ ಅಲ್ಲದ ಓಣಿ-ಮೆಟ್ಟಿಲುಗಳಲ್ಲಿ ಅಪರಾಧ ಬೆಳೆಯುತ್ತದೆ ಎಂದ. 1985ರಲ್ಲಿ ಭೂಗೋಳಶಾಸ್ತ್ರಜ್ಞೆ ಆಲಿಸ್ ಕೋಲ್‌ಮನ್ ಬ್ರಿಟನ್ನಿನಲ್ಲಿ ಅದೇ ಮಾತನ್ನು ಮುಂದುವರಿಸಿದಳು. ಥ್ಯಾಚರ್ ಸರ್ಕಾರ ಕಿವಿಗೊಟ್ಟಿತು. ಲಂಡನ್ನಿನ ಮೊಟ್ಸಾರ್ಟ್ ಎಸ್ಟೇಟಿನಲ್ಲಿ ಮೇಲ್ಸೇತುವೆಗಳನ್ನು ಕತ್ತರಿಸಿ ತೆಗೆದರು. ಅವರು ಎತ್ತಿದ ಭಯ ಸುಳ್ಳಲ್ಲ. ರಾತ್ರಿ ದೀಪವಿಲ್ಲದ ಡೆಕ್ಕಿನಲ್ಲಿ ಒಂಟಿಯಾಗಿ ಮನೆಗೆ ನಡೆಯಬೇಕಾದ ಹೆಂಗಸಿಗೆ ವಾಸ್ತುಶಿಲ್ಪದ ಇತಿಹಾಸ ಹೇಳಿ ಪ್ರಯೋಜನವಿಲ್ಲ. ಆದರೆ ದೋಷವನ್ನೆಲ್ಲ ಡೆಕ್ಕಿನ ತಲೆಗೆ ಕಟ್ಟುವುದನ್ನು ನಾನು ಒಪ್ಪಲಾರೆ. ಶೆಫೀಲ್ಡಿನ ಉಕ್ಕಿನ ಕಾರ್ಖಾನೆಗಳು 1980ರ ದಶಕದಲ್ಲಿ ಸಾಲಾಗಿ ಬಾಗಿಲು ಹಾಕಿ ಸಾವಿರಾರು ಜನರ ಕೆಲಸ ಹೋಯಿತು. ನಗರಸಭೆಯ ಖಜಾನೆ ಬತ್ತಿತು. ದೀಪ ಹೋದರೆ ಹಾಕುವವರಿಲ್ಲ, ಲಿಫ್ಟು ನಿಂತರೆ ಕೇಳುವವರಿಲ್ಲ. ನೆಲದ ಮೇಲಿನ ಬೀದಿಯನ್ನು ಹಾಗೆ ಬಿಟ್ಟರೂ ಅದೂ ಹಾಳಾಗುತ್ತಿತ್ತು. ಪಾರ್ಕ್ ಹಿಲ್ ತನ್ನ ಮೊದಲ ಎರಡು ದಶಕ ಚೆನ್ನಾಗಿಯೇ ಬಾಳಿತ್ತು. ಆಗ ಇದ್ದದ್ದೂ ಅವೇ ಡೆಕ್ಕುಗಳು.

1998ರಲ್ಲಿ ಸರ್ಕಾರ ಪಾರ್ಕ್ ಹಿಲ್ಲನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿತು. ಯುರೋಪಿನಲ್ಲೇ ಅಂಥ ಪಟ್ಟಿಗೆ ಸೇರಿದ ಅತಿ ದೊಡ್ಡ ಕಟ್ಟಡ ಎನ್ನುತ್ತಾರೆ. ಕೆಡವಲು ಸಾಧ್ಯವಿಲ್ಲ, ಇಟ್ಟುಕೊಳ್ಳಲು ಹಣವಿಲ್ಲ. ಅರ್ಬನ್ ಸ್ಪ್ಲ್ಯಾಷ್ ಎಂಬ ಖಾಸಗಿ ಕಂಪನಿ ವಹಿಸಿಕೊಂಡು, ಬಾಡಿಗೆದಾರರು ಖಾಲಿ ಮಾಡಿದ ಭಾಗವನ್ನು ಕಾಂಕ್ರೀಟಿನ ಅಸ್ಥಿಪಂಜರದವರೆಗೆ ಬಿಚ್ಚಿ, ಮಾಸಿದ ಇಟ್ಟಿಗೆಯ ಜಾಗದಲ್ಲಿ ಬಣ್ಣದ ಅಲ್ಯೂಮಿನಿಯಂ ಹಲಗೆ ಕೂರಿಸಿತು. 2013ರಲ್ಲಿ ಅದು ವಾಸ್ತುಶಿಲ್ಪದ ಸ್ಟರ್ಲಿಂಗ್ ಪ್ರಶಸ್ತಿಯ ಅಂತಿಮ ಪಟ್ಟಿಗೂ ಬಂತು. ಮುಂದಿನ ಹಂತದಲ್ಲಿ ಮಿಖಾಯಿಲ್ ರಿಚಸ್ ಸಂಸ್ಥೆಯವರು ಇಟ್ಟಿಗೆಯನ್ನು ಉಳಿಸಿಕೊಂಡು ಇನ್ನಷ್ಟು ಸಂಯಮದಿಂದ ಕೆಲಸ ಮಾಡಿದರು. ಪಾರ್ಕ್ ಹಿಲ್ಲಿನ ಮೂರು ತಲೆಮಾರುಗಳ ಕಥೆ ಹೇಳುವ ಸಂಗೀತ ನಾಟಕ 2019ರಲ್ಲಿ ಶೆಫೀಲ್ಡಿನ ರಂಗಕ್ಕೆ ಬಂದು, ಆಮೇಲೆ ಲಂಡನ್ನಿನಲ್ಲೂ ಜನ ತುಂಬಿಸಿತು. ಕಟ್ಟಡ ಉಳಿದದ್ದು ನನಗೆ ಸಂತೋಷ. ಆದರೆ ಹಳೆಯ ಬಾಡಿಗೆದಾರರಲ್ಲಿ ಮರಳಿ ಬಂದವರು ಕೆಲವರೇ. ಸಾಮಾಜಿಕ ವಸತಿಗೆ ಉಳಿದದ್ದು ಒಂದು ಪಾಲು ಮಾತ್ರ. ಡೆಕ್ಕಿಗೆ ಈಗ ಗೇಟು ಬಂದಿದೆ, ಎಲೆಕ್ಟ್ರಾನಿಕ್ ಕೀ ಇದ್ದವರಿಗಷ್ಟೇ ಒಳಗೆ ದಾರಿ. ಗುಡ್ಡದ ಮೇಲಿನ ಕೇರಿಯವರು ಪೇಟೆಗೆ ಅಡ್ಡದಾರಿಯಾಗಿ ಬಳಸಬಹುದಾಗಿದ್ದ ಬೀದಿ ಒಂದು ಕಟ್ಟಡದವರ ಮೊಗಸಾಲೆಯಾಯಿತು. ಸುರಕ್ಷತೆಯ ಹೆಸರಿನಲ್ಲಿ ಕಳೆದುಕೊಂಡ ಈ ಹಕ್ಕಿನ ಬಗ್ಗೆ ಪ್ರಶಸ್ತಿ ಪತ್ರಗಳಿಗಿಂತ ಹೆಚ್ಚು ಮಾತಾಗಬೇಕಿತ್ತು.

ಇದೇ ಕಾಲಕ್ಕೆ ನಿಂತ ನಗರದ ಕನಸು ಪೂರ್ವಕ್ಕೆ ದಾಟಿತ್ತು. ಸಿಂಗಪುರದ ವಸತಿ ಮಂಡಳಿ 1960ರ ದಶಕದಲ್ಲಿ ಡಕ್ಸ್‌ಟನ್ ಪ್ಲೇನಿನಲ್ಲಿ ಕಟ್ಟಿದ್ದ ಎರಡು ಹತ್ತಂತಸ್ತಿನ ಕಟ್ಟಡಗಳನ್ನು ತೆಗೆದು, ಅದೇ ಜಾಗಕ್ಕೆ ಅಂತರರಾಷ್ಟ್ರೀಯ ಸ್ಪರ್ಧೆ ಕರೆಯಿತು. ಗೆದ್ದದ್ದು ಸ್ಥಳೀಯ ಆರ್ಕ್ ಸ್ಟುಡಿಯೊ. 2009ರಲ್ಲಿ ಮುಗಿದ ಪಿನಾಕಲ್ ಅಟ್ ಡಕ್ಸ್‌ಟನ್ನಿನಲ್ಲಿ 50 ಅಂತಸ್ತಿನ ಏಳು ಗೋಪುರಗಳು, 1,848 ಮನೆಗಳು. 26ನೆಯ ಮತ್ತು 50ನೆಯ ಮಹಡಿಗಳಲ್ಲಿ ಏಳನ್ನೂ ಸೇತುವೆಗಳು ಬೆಸೆಯುತ್ತವೆ. ಗಾಳಿಗೆ ಒಂದೊಂದು ಗೋಪುರವೂ ತನ್ನದೇ ರೀತಿಯಲ್ಲಿ ತುಸು ಓಲಾಡುವುದರಿಂದ, ಸೇತುವೆಯನ್ನು ಎರಡೂ ಕಡೆ ಬಿಗಿದರೆ ಬಿರುಕು ಬಿಡುತ್ತದೆ. ಅದಕ್ಕೆ ಜರುಗಲು ಎಡೆ ಬಿಟ್ಟು ಕೂರಿಸಬೇಕು. ಸ್ಮಿತ್‌ಸನ್‌ರ ಹೆಣಿಗೆಯನ್ನು ನೂರೈವತ್ತು ಮೀಟರ್ ಎತ್ತರದಲ್ಲಿ ಕಟ್ಟಿ ನಿಲ್ಲಿಸುವುದು ಎಂಜಿನಿಯರುಗಳಿಂದ ಸಾಧ್ಯ ಎಂಬುದು ಅಲ್ಲಿ ರುಜುವಾತಾಯಿತು. ಮೇಲಿನ ಉದ್ಯಾನಗಳಲ್ಲಿ ಗಿಡಮರ, ಬೆಂಚು. 26ನೆಯ ಮಹಡಿಯಲ್ಲಿ ಓಡಲು 800 ಮೀಟರಿನ ಪಥ.

ಇದು ಸರ್ಕಾರ ಕಟ್ಟಿಸಿದ ಮನೆ, ಸಾಮಾನ್ಯ ಜನರೇ ಅದರ ನಿವಾಸಿಗಳು. ಲಂಡನ್, ಮ್ಯಾಂಚೆಸ್ಟರುಗಳಲ್ಲಿ ಸೋತ ಎಷ್ಟೋ ಸಂಗತಿಗಳನ್ನು ಸಿಂಗಪುರ ಗೆದ್ದದ್ದು ನಿರ್ವಹಣೆಯಿಂದ: ಅಲ್ಲಿ ಗುಡಿಸುವವರಿದ್ದಾರೆ, ಲಿಫ್ಟು ಕೆಟ್ಟರೆ ರಿಪೇರಿಯಾಗುತ್ತದೆ. ಆದರೆ 26ನೆಯ ಮಹಡಿಯ ಬೀದಿ ಅಲ್ಲಿಯ ನಿವಾಸಿಗಳಿಗೆ ಮಾತ್ರ. 50ನೆಯ ಮಹಡಿಗೆ ಹೊರಗಿನವರೂ ಹೋಗಬಹುದು, ಟಿಕೆಟು ಕೊಂಡು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೊಳಗೆ. ಎದುರು ರಸ್ತೆಯಲ್ಲೇ ಹುಟ್ಟಿ ಬೆಳೆದವರಿಗೂ ಇದೇ ನಿಯಮ.